ದೋಷ ತಿಳಿಸುವವನ ಹೊಣೆ

ಸ್ವೀಡನ್ ದೇಶದ ಡ್ಯಾನಿಯಲ್ ಸ್ಟೆನ್‌ಬರ್ಗ್ ಎಂಬವರು 1998ರಲ್ಲಿ ಹೊರತಂದು, ಅಂದಿನಿಂದ ಹಲವು ದೇಶಗಳ ಸ್ವಯಂಸೇವಕರ ನೆರವಿನಿಂದ ಪೋಷಿಸಿಕೊಂಡು ಬಂದಿರುವ ‘ಕರ್ಲ್’ ಎಂಬ ತಂತ್ರಾಂಶದ ಬಳಗವು 2026ರ ಜನವರಿ ಅಂತ್ಯದಲ್ಲಿ ಒಂದು ಕಠಿಣ ನಿರ್ಧಾರವನ್ನು ಕೈಗೊಂಡಿತು. ತನ್ನ ತಂತ್ರಾಂಶದೊಳಗಿನ ಸುರಕ್ಷತಾ ದೋಷಗಳನ್ನು ಹುಡುಕಿ ತಿಳಿಸಿದವರಿಗೆ 2019ರಿಂದ ಕೊಡುತ್ತಿದ್ದ ಹಣದ ಬಹುಮಾನವನ್ನು ಅದು ನಿಲ್ಲಿಸಿತು. ಹಣದ ಅಭಾವ ಇದಕ್ಕೆ ಕಾರಣವಲ್ಲ. ಬಹುಮಾನದ ಆಸೆಗೆ ಬಿದ್ದು, ತಾವು ಓದದೆ, ಪರೀಕ್ಷಿಸದೆ, ಕೃತಕ ಬುದ್ಧಿಯ ಯಂತ್ರದಿಂದ ಬರೆಯಿಸಿ ಜನರು ಕಳುಹಿದ ಹುಸಿ ದೂರುಗಳ ರಾಶಿಯೇ ಕಾರಣ. 2025ರಲ್ಲಿ ಅಂದಿನವರೆಗೆ ಬಂದ ದೂರುಗಳಲ್ಲಿ ನೂರಕ್ಕೆ ಸುಮಾರು 5 ಮಾತ್ರ ನಿಜವಾದ ದೋಷಗಳೆಂದೂ, ನೂರಕ್ಕೆ ಸುಮಾರು 20 ಯಂತ್ರ ಬರೆದ ಕಸವೆಂದೂ ಸ್ಟೆನ್‌ಬರ್ಗ್ ಅವರೇ ಆ ವರ್ಷದ ಜುಲೈಯಲ್ಲಿ ಲೆಕ್ಕ ಕೊಟ್ಟಿದ್ದರು. ಒಳ್ಳೆಯ ಉದ್ದೇಶದಿಂದ ತೆರೆದಿಟ್ಟ ಬಾಗಿಲನ್ನು ಬೇಜವಾಬ್ದಾರಿಯ ಜನರು ಹೀಗೆ ಮುಚ್ಚಿಸಿದರು.

ಹೋಟೆಲಿನಲ್ಲಿ ದುಡಿಯುವವರಿಗೂ ಕಚೇರಿಯಲ್ಲಿ ಲೇಖನಿ ಹಿಡಿದವರಿಗೂ ಈ ವಾರ್ತೆಯಿಂದೇನಾಗಬೇಕು ಎಂದು ಯಾರಾದರೂ ಕೇಳಿಯಾರು. ನಮ್ಮ ವಾಚಕರಲ್ಲಿ ಬಹುಪಾಲು ಮಂದಿಯ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಹೂರಣವಾದ ‘ಲಿನಕ್ಸ್’ ಎಂಬುದು ಮುಕ್ತ ತಂತ್ರಾಂಶ. ಗಲ್ಲಾದ ಮೇಲಿನ ಹಣ ಪಾವತಿಯಾಗಲಿ, ಊರಿಗೆ ಕಳುಹುವ ತಿಂಗಳ ಹಣವಾಗಲಿ, ರೈಲಿನ ಟಿಕೆಟ್ಟಾಗಲಿ ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಸಾಗುವ ದಾರಿಯಲ್ಲಿ ಎಲ್ಲಿಯಾದರೂ ಒಂದೆಡೆ ಇಂಥ ತಂತ್ರಾಂಶದ ಕೈ ಇದ್ದೇ ಇರುತ್ತದೆ. ಮುಕ್ತ ತಂತ್ರಾಂಶವೆಂದರೆ ಊರ ಬಾವಿಯಂತೆ. ಅದರ ನೀರನ್ನು ಯಾರೂ ಸೇದಬಹುದು. ಅದರ ತಳವನ್ನು ಯಾರೂ ಇಣುಕಿ ನೋಡಬಹುದು. ಕಲ್ಲು ಸಡಿಲಿದ್ದರೆ ಯಾರೂ ಸರಿಪಡಿಸಬಹುದು. ಅದು ಯಾರೊಬ್ಬರ ಆಸ್ತಿಯೂ ಅಲ್ಲ. ಆದುದರಿಂದಲೇ ಅದರ ಕಾವಲು ಎಲ್ಲರ ಹೊಣೆ.

ಆದರೆ ಎಲ್ಲರ ಹೊಣೆಯಾದುದು ಯಾರ ಹೊಣೆಯೂ ಅಲ್ಲದೆ ಹೋಗುವ ಅಪಾಯವೂ ಉಂಟು. ಎಲ್ಲರ ಕಣ್ಣಿಗೆ ತೆರೆದಿಟ್ಟ ವಸ್ತುವಿನಲ್ಲಿ ದೋಷವು ಅಡಗಿರಲಾರದೆಂಬುದು ಬಹುಕಾಲ ನಂಬಿಕೊಂಡು ಬಂದ ಮಾತು. ಜಾಲದಲ್ಲಿ ಸಾಗುವ ಗುಟ್ಟಿನ ಮಾಹಿತಿಯನ್ನು ಕಾಯುವ ‘ಓಪನ್ ಎಸ್‌ಎಸ್‌ಎಲ್’ ಎಂಬ ತಂತ್ರಾಂಶದಲ್ಲಿ 2012ರ ಮಾರ್ಚ್ ತಿಂಗಳ ಆವೃತ್ತಿಯೊಡನೆ ಹೊರಬಂದ ಒಂದು ದೋಷವು 2014ರ ಏಪ್ರಿಲ್‌ನಲ್ಲಿ ಬೆಳಕಿಗೆ ಬಂದಾಗ ಆ ನಂಬಿಕೆಗೆ ಪೆಟ್ಟು ಬಿತ್ತು. ‘ಹಾರ್ಟ್‌ಬ್ಲೀಡ್’ ಎಂದು ಹೆಸರಾದ ಆ ದೋಷದಿಂದ ಗುಪ್ತಪದಗಳು ಸೋರಿಹೋಗುವ ಸಂಭವವಿತ್ತು. ಎರಡು ವರ್ಷಗಳ ಕಾಲ ಲೋಕದ ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಅದನ್ನು ಬಳಸುತ್ತಿದ್ದರೂ ಯಾರೂ ಗಮನಿಸಲಿಲ್ಲ. ಕಣ್ಣುಗಳು ಬಹಳ ಇದ್ದ ಮಾತ್ರಕ್ಕೆ ಆಗಲಿಲ್ಲ. ನೋಡುವ ಕಣ್ಣು ಬೇಕು, ಕಂಡುದನ್ನು ಸರಿಯಾದ ಸ್ಥಳದಲ್ಲಿ, ಸರಿಯಾದ ಮಾತಿನಲ್ಲಿ ಹೇಳುವ ಬಾಯಿಯೂ ಬೇಕು.

ಹೇಳುವ ಕ್ರಮವೆಂದರೇನು? 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಮಾರ್ಕ್ 2’ ಎಂಬ ಬೃಹದ್ಯಂತ್ರದೊಳಗೆ ಒಂದು ಪತಂಗ ಸಿಕ್ಕಿಕೊಂಡು ಕೆಲಸ ಕೆಟ್ಟಿತು. ಯಂತ್ರದ ದೋಷಕ್ಕೆ ‘ಬಗ್’ ಅಥವಾ ಹುಳವೆಂಬ ಹೆಸರು ಅದಕ್ಕೂ ಹಿಂದಿನಿಂದಲೇ ಇತ್ತು; ಆದರೆ ಅಂದು ನಿಜವಾದ ಹುಳವೇ ಸಿಕ್ಕಿತು. ಅಲ್ಲಿಯ ಕೆಲಸಗಾರರು ಅದನ್ನು ಚಿವುಟಿ ಎಸೆಯಲಿಲ್ಲ. ದಿನಚರಿ ಪುಸ್ತಕದಲ್ಲಿ ಗಂಟೆಯನ್ನು ಬರೆದು, ಯಂತ್ರದ ಯಾವ ಭಾಗದಲ್ಲಿ ದೊರೆಯಿತೆಂಬುದನ್ನು ಬರೆದು, ಆ ಹುಳವನ್ನೇ ಪುಟಕ್ಕೆ ಅಂಟಿಸಿಟ್ಟರು. ಆ ಪುಸ್ತಕವನ್ನು ಅಮೆರಿಕದ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯವು ಕಾಪಾಡಿಕೊಂಡು ಬಂದಿದೆ. ಯಾವಾಗ, ಎಲ್ಲಿ, ಏನು, ಅದಕ್ಕೆ ಸಾಕ್ಷಿ ಯಾವುದು, ಈ ನಾಲ್ಕೂ ಆ ಒಂದು ಪುಟದಲ್ಲಿವೆ. ಒಳ್ಳೆಯ ದೂರಿಗೆ ಇಂದಿಗೂ ಅದಕ್ಕಿಂತ ಉತ್ತಮ ಮಾದರಿ ಬೇಕಾಗಿಲ್ಲ.

ಹೋಟೆಲಿನವರಿಗೆ ಇದನ್ನು ವಿವರಿಸಬೇಕಾದುದೇ ಇಲ್ಲ. ಗಿರಾಕಿಯೊಬ್ಬನು ಗಲ್ಲಾದ ಮುಂದೆ ನಿಂತು, ನಿಮ್ಮ ಹೋಟೆಲಿನಲ್ಲಿ ಯಾವುದೂ ಸರಿಯಿಲ್ಲವೆಂದು ಗದರಿ ಹೋದರೆ ಯಜಮಾನನಿಗೆ ಅವಮಾನವಾಯಿತೇ ವಿನಾ ಅಡಿಗೆಮನೆಗೆ ಪ್ರಯೋಜನವೇನೂ ಆಗಲಿಲ್ಲ. ಇನ್ನೊಬ್ಬನು ಬಂದು, ಹನ್ನೊಂದು ಗಂಟೆಗೆ ತಂದ ಚಟ್ನಿ ಹುಳಿಯಾಗಿತ್ತು, ಒಂಬತ್ತಕ್ಕೆ ತಿಂದವರದು ಸರಿಯಾಗಿತ್ತಂತೆ, ಸಾಂಬಾರಿನಲ್ಲಿ ಏನೂ ದೋಷವಿಲ್ಲ ಎಂದರೆ ಭಟ್ಟರಿಗೆ ಯಾವ ಪಾತ್ರೆಯನ್ನು ಚೆಲ್ಲಬೇಕೆಂಬುದು ಕೂಡಲೇ ತಿಳಿಯುತ್ತದೆ. ಮೊದಲನೆಯವನು ಸಿಟ್ಟನ್ನು ಕೊಟ್ಟನು; ಎರಡನೆಯವನು ಸುಳಿವನ್ನು ಕೊಟ್ಟನು. ತಂತ್ರಾಂಶದ ದೂರೂ ಹೀಗೆಯೇ. ಯಾವ ಆವೃತ್ತಿ, ಯಾವ ಯಂತ್ರ, ಏನು ಮಾಡಿದಾಗ ಕೆಟ್ಟಿತು, ಏನಾಗಬೇಕಿತ್ತು, ಏನಾಯಿತು, ಮತ್ತೊಮ್ಮೆ ಹಾಗೆಯೇ ಮಾಡಿದರೆ ಮತ್ತೆ ಕೆಡುವುದೇ ಎಂಬುದನ್ನು ಕ್ರಮವಾಗಿ ಬರೆಯಬೇಕು. ಒಂದು ದೂರಿನಲ್ಲಿ ಒಂದೇ ದೋಷವನ್ನು ಹೇಳಬೇಕು. ಅದೇ ದೋಷವನ್ನು ಇನ್ನೊಬ್ಬರು ಮೊದಲೇ ತಿಳಿಸಿರುವರೋ ಎಂದು ಹಳೆಯ ದಾಖಲೆಯನ್ನು ಹುಡುಕಿ ನೋಡಬೇಕು. ತಾನು ಕಂಡುದನ್ನೂ ತಾನು ಊಹಿಸಿದುದನ್ನೂ ಬೇರೆ ಬೇರೆಯಾಗಿ ಇಡಬೇಕು.

ಈ ಕೊನೆಯ ಮಾತಿಗೆ 2024ರ ಮಾರ್ಚ್‌ನಲ್ಲಿ ಒಂದು ದೊಡ್ಡ ನಿದರ್ಶನ ದೊರೆಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು ತಮ್ಮ ಯಂತ್ರದಲ್ಲಿ ಬೇರಾವುದೋ ಕೆಲಸವನ್ನು ಅಳೆದು ನೋಡುತ್ತಿದ್ದಾಗ, ದೂರದ ಯಂತ್ರವನ್ನು ಪ್ರವೇಶಿಸುವ ‘ಎಸ್‌ಎಸ್‌ಎಚ್’ ಎಂಬ ತಂತ್ರಾಂಶವು ಬಾಗಿಲು ತೆರೆಯಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ತೆಗೆದುಕೊಳ್ಳುತ್ತಿರುವುದನ್ನು ಕಂಡರು. ಅರ್ಧ ಸೆಕೆಂಡೆಂದರೆ ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು. ಇತರರಾಗಿದ್ದರೆ ಹೋಗಲಿ ಬಿಡು ಎನ್ನುತ್ತಿದ್ದರು. ಅವರು ಬಿಡಲಿಲ್ಲ. ಬೆನ್ನುಹತ್ತಿ ಹೋದಾಗ, ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಪುಟ್ಟ ಮುಕ್ತ ತಂತ್ರಾಂಶದ 5.6.0 ಮತ್ತು 5.6.1ನೆಯ ಆವೃತ್ತಿಗಳಲ್ಲಿ ಯಾರೋ ಬೇಕೆಂದೇ ಕಳ್ಳಬಾಗಿಲೊಂದನ್ನು ಇಟ್ಟಿರುವುದು ಹೊರಬಿತ್ತು. ಅದು ಲೋಕವ್ಯಾಪಿಯಾಗಿದ್ದರೆ ಆ ಕಳ್ಳಬಾಗಿಲಿನ ಬೀಗದ ಕೈಯುಳ್ಳವನು ಅಸಂಖ್ಯ ಯಂತ್ರಗಳನ್ನು ಹೊಕ್ಕು ತನ್ನ ಇಷ್ಟದಂತೆ ನಡೆಸಬಹುದಾಗಿತ್ತು. ಬಹುಮಟ್ಟಿಗೆ ಪರೀಕ್ಷಾರ್ಥ ಆವೃತ್ತಿಗಳನ್ನು ಮಾತ್ರ ಅದು ತಲಪಿದ್ದಾಗಲೇ ಸಿಕ್ಕಿಬಿದ್ದುದು ಜಗತ್ತಿನ ಪುಣ್ಯ.

ಫ್ರಾಯಿಂಡರು ಕಂಡುಹಿಡಿದುದಕ್ಕಿಂತಲೂ ಅದನ್ನು ಅವರು ತಿಳಿಸಿದ ರೀತಿ ನಮಗೆ ಮುಖ್ಯ. ತನಗೆ ಗೊತ್ತಾಯಿತೆಂದು ಅವರು ಬೀದಿಯಲ್ಲಿ ಡಂಗುರ ಹೊಯ್ಯಲಿಲ್ಲ. ಮೊದಲು ತಾವು ಬಳಸುತ್ತಿದ್ದ ‘ಡೆಬಿಯನ್’ ಬಳಗದ ಸುರಕ್ಷತಾ ವಿಭಾಗಕ್ಕೆ ಗುಟ್ಟಾಗಿ ತಿಳಿಸಿದರು. ಬಳಿಕ ಇತರ ಲಿನಕ್ಸ್ ಬಳಗಗಳ ಹೊಣೆಗಾರರಿಗೆ ತಿಳಿಸಿದರು. 29ನೆಯ ತಾರೀಖಿನಂದು ಎಲ್ಲರಿಗೂ ಪ್ರಕಟಿಸಿದರು. ಸಾಮಾನ್ಯವಾಗಿ ದೂರನ್ನು ಮೊದಲು ಆ ತಂತ್ರಾಂಶವನ್ನು ನೋಡಿಕೊಳ್ಳುವವರಿಗೇ ಕೊಡಬೇಕು. ಆದರೆ ಇಲ್ಲಿ ಒಳಗಿನವರ ಕೈವಾಡವೇ ಇರುವಂತೆ ಕಂಡುದರಿಂದ ಅವರು ಹಾಗೆ ಮಾಡಲಿಲ್ಲ; ಮಾಡದಿರುವ ಕಾರಣವನ್ನೂ ಬರೆದರು. ಎಲ್ಲಕ್ಕಿಂತ ಮಿಗಿಲಾಗಿ, ತಾನು ಸುರಕ್ಷತಾ ಶಾಸ್ತ್ರದ ಪಂಡಿತನಲ್ಲವೆಂದೂ, ತಾನು ಪರಿಶೀಲಿಸದೆ ಉಳಿದುದು ಬಹಳವಿದೆಯೆಂದೂ ಆ ವರದಿಯಲ್ಲಿಯೇ ಒಪ್ಪಿ ಹೇಳಿದರು. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಬರೆಯುವವನ ದೂರಿಗೆ ಬೆಲೆ ಹೆಚ್ಚುವುದೇ ಹೊರತು ಕಡಿಮೆಯಾಗುವುದಿಲ್ಲ.

ಇದೇ ಪ್ರಕರಣದ ಇನ್ನೊಂದು ಮುಖವನ್ನೂ ನೋಡಬೇಕು. ಎಕ್ಸ್‌ಜೆಡ್ ತಂತ್ರಾಂಶವನ್ನು ವರ್ಷಾನುವರ್ಷ ನೋಡಿಕೊಂಡು ಬಂದವರು ಲಾಸ್ಸೆ ಕೊಲ್ಲಿನ್ ಎಂಬ ಒಬ್ಬರು. ಅದಕ್ಕಾಗಿ ಅವರಿಗೆ ಸಂಬಳವಿರಲಿಲ್ಲ. 2022ರಲ್ಲಿ ಕೆಲವು ಹೆಸರುಗಳಿಂದ ಅವರಿಗೆ ಮೇಲಿಂದ ಮೇಲೆ ಪತ್ರಗಳು ಬಂದವು: ಕೆಲಸ ನಿಧಾನ, ತಿದ್ದುಪಡಿಗಳು ಸೇರುತ್ತಿಲ್ಲ, ನಿಮ್ಮಿಂದಾಗದಿದ್ದರೆ ಇನ್ನೊಬ್ಬರಿಗೆ ಬಿಟ್ಟುಕೊಡಿ ಎಂಬ ಧಾಟಿಯ ಕುಟುಕು ಮಾತುಗಳು. ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದು ಅವರು ಶಾಂತವಾಗಿಯೇ ಉತ್ತರಿಸಿದರು. ಕೊನೆಗೆ ಸಹಾಯಕ್ಕೆಂದು ಮುಂದೆ ಬಂದಿದ್ದ, ‘ಜಿಯಾ ಟಾನ್’ ಎಂಬ ಹೆಸರಿನ ಒಬ್ಬನ ಕೈಗೆ ಅಧಿಕಾರದ ಪಾಲು ಹೋಯಿತು. ಆ ಹೆಸರಿನಿಂದಲೇ ಕಳ್ಳಬಾಗಿಲು ಒಳಬಂದಿತು. ಆ ಪತ್ರಗಳು ಸಂಚಿನ ಅಂಗವಾಗಿದ್ದವೆಂದು ಬಲ್ಲವರ ಊಹೆ. ಸಂಚಿರಲಿ ಇಲ್ಲದಿರಲಿ, ಬಿಟ್ಟಿಯಾಗಿ ದುಡಿಯುವವನನ್ನು ಯಜಮಾನನಂತೆ ಗದರಿಸುವ ಅಭ್ಯಾಸವು ಲೋಕದಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ, ಅಂಥ ಒತ್ತಡದ ಪತ್ರಗಳನ್ನು ನೋಡಿದಾಗ ಯಾರಿಗೂ ಸಂಶಯವೇ ಬರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಸುಳ್ಳಲ್ಲ.

ಇನ್ನು ಬಂದ ದೂರುಗಳನ್ನು ವಿಂಗಡಿಸುವ ಕೆಲಸ. ಯುದ್ಧಭೂಮಿಯ ಆಸ್ಪತ್ರೆಗಳಲ್ಲಿ ಗಾಯಾಳುಗಳ ಪೈಕಿ ಯಾರಿಗೆ ಮೊದಲು ಶುಶ್ರೂಷೆ ಮಾಡಬೇಕೆಂದು ಬೇರ್ಪಡಿಸುವುದಕ್ಕೆ ‘ಟ್ರಿಯಾಜ್’ ಎಂಬ ಫ್ರೆಂಚ್ ಹೆಸರುಂಟು. ತಂತ್ರಾಂಶದವರೂ ಅದನ್ನೇ ಎರವಲು ಪಡೆದಿದ್ದಾರೆ. ನಮ್ಮ ಗುಮಾಸ್ತ ಬಂಧುಗಳಿಗೆ ಇದು ದಿನನಿತ್ಯದ ಕೆಲಸ. ಬೆಳಗಿನ ತಪಾಲು ಬಂದೊಡನೆ ಅದನ್ನು ಆವಕ ಪುಸ್ತಕದಲ್ಲಿ ಏರಿಸಿ, ನಂಬರು ಹಾಕಿ, ಜರೂರಿನದನ್ನು ಮೇಲೆ ಇಟ್ಟು, ಬೇರೆ ಇಲಾಖೆಯದನ್ನು ಅಲ್ಲಿಗೆ ಕಳುಹಿ, ಎರಡನೆಯ ಸಲ ಬಂದ ಜ್ಞಾಪನೆಯನ್ನು ಹಳೆಯ ಕಾಗದಕ್ಕೆ ಸೇರಿಸಿ ಹೊಲಿದರೆ ಮಾತ್ರ ಸಾಹೇಬರ ಮೇಜು ಹಗುರಾಗುತ್ತದೆ. 1993ರಲ್ಲಿ ಆರಂಭವಾದ ಡೆಬಿಯನ್ ಬಳಗದವರು ದೋಷಗಳನ್ನು ಏಳು ದರ್ಜೆಗಳಾಗಿ ಹಂಚಿದ್ದಾರೆ. ಇಡೀ ಯಂತ್ರವನ್ನೇ ಕೆಡಿಸುವ, ಅಥವಾ ದಾಖಲೆಗಳನ್ನು ಗಂಭೀರವಾಗಿ ನಾಶಮಾಡುವ ದೋಷವು ಮೊದಲ ದರ್ಜೆಯದು, ಹೀಗೊಂದು ಸೌಕರ್ಯವಿದ್ದರೆ ಚೆನ್ನಾಗಿತ್ತು ಎಂಬ ಬಯಕೆಯು ಕೊನೆಯ ದರ್ಜೆಯದು, ಉಳಿದುವು ನಡುವೆ. ತನ್ನ ದೂರೇ ಎಲ್ಲಕ್ಕಿಂತ ಜರೂರಿನದೆಂದು ಪ್ರತಿಯೊಬ್ಬನೂ ಕೆಂಪು ಶಾಯಿಯಲ್ಲಿ ಬರೆದರೆ ಕೆಂಪು ಶಾಯಿಗೆ ಅರ್ಥವೇ ಉಳಿಯುವುದಿಲ್ಲ. ಹುಲಿ ಬಂತು ಹುಲಿ ಎಂದು ಕೂಗಿದ ಹುಡುಗನ ಕಥೆ ಬಾಲ್ಯದಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರೋಗ್ರಾಂ ಬರೆಯಲು ಬಾರದವನೂ ಈ ವಿಂಗಡಣೆಯ ಕೆಲಸದಲ್ಲಿ ನೆರವಾಗಬಲ್ಲನೆಂಬುದು ಗಮನಾರ್ಹವಾದ ಸಂಗತಿ. ಹಳೆಯ ದೂರನ್ನು ತೆಗೆದುಕೊಂಡು ಹೊಸ ಆವೃತ್ತಿಯಲ್ಲಿ ಪರೀಕ್ಷಿಸಿ ನೋಡಿ, ಇನ್ನೂ ಇದೆ ಅಥವಾ ಹೋಗಿದೆ ಎಂದು ತಿಳಿಸುವುದು. ಒಂದೇ ದೋಷದ ಎರಡು ದೂರುಗಳನ್ನು ಜೊತೆಗೂಡಿಸುವುದು. ಅರ್ಧಂಬರ್ಧ ಬರೆದವನಿಂದ ವಿನಯದಿಂದ ವಿವರ ಕೇಳುವುದು, ಇವೆಲ್ಲ ಒಳ್ಳೆಯ ಗುಮಾಸ್ತನ ಗುಣಗಳು. ಬುದ್ಧಿವಂತಿಕೆಗಿಂತ ಹೆಚ್ಚಾಗಿ ತಾಳ್ಮೆಯೂ ಅಚ್ಚುಕಟ್ಟೂ ಇದಕ್ಕೆ ಬೇಕು.

ಗುಟ್ಟಿನಲ್ಲಿಡಬೇಕಾದ ದೋಷಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ನೆರೆಮನೆಯ ಹಿತ್ತಿಲ ಬಾಗಿಲಿಗೆ ಅಗುಳಿಯಿಲ್ಲವೆಂಬುದನ್ನು ಕಂಡವನು ಮನೆಯವರ ಕಿವಿಯಲ್ಲಿ ಹೇಳಬೇಕೇ ಹೊರತು ಸಂತೆಯಲ್ಲಿ ನಿಂತು ಕೂಗಬಾರದು. ಆದರೆ ಮನೆಯವರು ತಿಂಗಳುಗಟ್ಟಲೆ ಕೇಳಿಸಿಕೊಳ್ಳದಿದ್ದರೆ, ಅಲ್ಲಿ ಒಡವೆಯಿಟ್ಟ ಇತರರ ಗತಿಯೇನು? ಆದುದರಿಂದ ಒಂದು ಗಡುವು ಕೊಟ್ಟು, ಅದರೊಳಗೆ ಸರಿಪಡಿಸದಿದ್ದರೆ ಪ್ರಕಟಿಸುವ ಪದ್ಧತಿ ರೂಢಿಗೆ ಬಂದಿದೆ. ಗೂಗಲ್ ಸಂಸ್ಥೆಯು 2014ರಲ್ಲಿ ಸ್ಥಾಪಿಸಿದ ‘ಪ್ರಾಜೆಕ್ಟ್ ಜೀರೋ’ ಎಂಬ ತಂಡವು ಸಾಮಾನ್ಯವಾಗಿ 90 ದಿನಗಳ ಗಡುವನ್ನು ಇಟ್ಟುಕೊಂಡಿದೆ. ನಮ್ಮ ದೇಶದಲ್ಲಿ 2004ರಿಂದ ಕೆಲಸ ಮಾಡುತ್ತಿರುವ ‘ಸರ್ಟ್-ಇನ್’ ಎಂಬ ಸರಕಾರಿ ಸಂಸ್ಥೆಗೂ ಇಂಥ ದೋಷಗಳನ್ನು ತಿಳಿಸಬಹುದಾಗಿದೆ. ಇನ್ನೊಂದು ಮಾತನ್ನು ಯುವಕರು ಮರೆಯಬಾರದು: ಪರರ ಗಣಕಯಂತ್ರವನ್ನು ಅವರ ಅನುಮತಿಯಿಲ್ಲದೆ ಹೊಗುವುದು 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಗೆ ವಿರುದ್ಧ. ಮುಕ್ತ ತಂತ್ರಾಂಶವನ್ನು ತನ್ನ ಸ್ವಂತ ಯಂತ್ರದಲ್ಲಿ ಇಟ್ಟುಕೊಂಡು ಎಷ್ಟು ಬೇಕಾದರೂ ಕೆದಕಬಹುದು. ಬೇರೊಬ್ಬರ ಅಂಗಡಿಯ ಬೀಗವನ್ನು ಪರೀಕ್ಷೆಗೆಂದು ಅಲುಗಾಡಿಸಿದೆನೆಂಬ ಸಮಾಧಾನ ಪೊಲೀಸರ ಮುಂದೆ ನಿಲ್ಲಲಾರದು.

ಈಗ ನಮ್ಮ ಮನಸ್ಸಿಗೆ ಹೆಚ್ಚು ನೋವುಂಟುಮಾಡುವ ವಿಷಯಕ್ಕೆ ಬರುತ್ತೇವೆ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದವರು ಹಿಂದಿನ ತಲೆಮಾರಿನವರು. ಅವರ ಮಕ್ಕಳು ಇಂದು ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಗಣಕದ ಕೆಲಸ ಹುಡುಕುತ್ತಿದ್ದಾರೆ. ಮುಕ್ತ ತಂತ್ರಾಂಶದಲ್ಲಿ ನಿನ್ನ ಹೆಸರು ಎಲ್ಲಿಯಾದರೂ ಕಾಣಬೇಕು, ಆಗ ಕೆಲಸ ಸಿಗುತ್ತದೆ ಎಂದು ಅವರಿಗೆ ಬೋಧಿಸುವವರು ಬಹಳ. ಈ ಬೋಧನೆಯ ಫಲವನ್ನು ನಾವು ಕಂಡಿದ್ದೇವೆ. 2020ರ ಅಕ್ಟೋಬರ್‌ನಲ್ಲಿ ಒಂದು ಬನಿಯನ್ ಬಹುಮಾನದ ಆಸೆಗೆ ಸಾವಿರಾರು ಮಂದಿ ಅಲ್ಲೊಂದು ಪದ, ಇಲ್ಲೊಂದು ಚುಕ್ಕೆ ಸೇರಿಸಿದ ನಿರರ್ಥಕ ತಿದ್ದುಪಡಿಗಳನ್ನು ಕಳುಹಿ ನಿರ್ವಾಹಕರನ್ನು ಬೇಸರಗೊಳಿಸಿದರು; ‘ಹ್ಯಾಕ್ಟೋಬರ್‌ಫೆಸ್ಟ್’ ಎಂಬ ಆ ಉತ್ಸವದ ನಿಯಮವನ್ನು ತಿಂಗಳ ಆರಂಭದಲ್ಲಿಯೇ ಬದಲಿಸಬೇಕಾಯಿತು. 2024ರಲ್ಲಿ ‘ಎಕ್ಸ್‌ಪ್ರೆಸ್’ ಎಂಬ ಹೆಸರಾಂತ ತಂತ್ರಾಂಶಕ್ಕೆ, ನಮ್ಮ ದೇಶದ ಒಂದು ವೀಡಿಯೋ ಪಾಠವನ್ನು ನೋಡಿದ ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ತಮ್ಮ ಹೆಸರನ್ನೇ ಸೇರಿಸುವ ಕೋರಿಕೆಗಳನ್ನು ರಾಶಿ ರಾಶಿಯಾಗಿ ಕಳುಹಿದರು. ಅವರಲ್ಲಿ ದುರುದ್ದೇಶವಿತ್ತೆಂದು ನಾವು ಹೇಳಲಾರೆವು. ಪಾಠ ಹೇಳಿದವರು ಕ್ರಮವನ್ನು ಹೇಳಿಕೊಡಲಿಲ್ಲ. ಆದರೆ ಕೆಟ್ಟ ಹೆಸರು ಬಂದುದು ಭಾರತದ ಯುವಕರೆಲ್ಲರಿಗೆ. ನಾಳೆ ಯಾವನೋ ಒಬ್ಬ ಬಡ ಹುಡುಗನು ನಿಜವಾದ ದೋಷವನ್ನು ಕಂಡು ಬರೆದಾಗ, ಇದೂ ಅಂಥದೇ ಎಂದು ತೆರೆಯದೆ ಮುಚ್ಚಿಬಿಟ್ಟರೆ ಆ ಅನ್ಯಾಯಕ್ಕೆ ಹೊಣೆ ಯಾರು?

ಕೋಟಿಗಟ್ಟಲೆ ಸಂಪಾದಿಸುವ ಕಂಪೆನಿಗಳು ಈ ತಂತ್ರಾಂಶಗಳನ್ನು ಬಿಟ್ಟಿಯಾಗಿ ಬಳಸುತ್ತಿರುವಾಗ, ಬಡವನು ಏಕೆ ಕೂಲಿಯಿಲ್ಲದೆ ಅವುಗಳ ದೋಷ ಹುಡುಕಬೇಕೆಂಬ ಆಕ್ಷೇಪವೂ ಇದೆ. ಇದು ತಳ್ಳಿಹಾಕುವ ಮಾತಲ್ಲ. ಲಾಭ ಪಡೆಯುವವರು ಪೋಷಣೆಗೂ ಹಣ ಕೊಡಬೇಕು; ಹಾರ್ಟ್‌ಬ್ಲೀಡ್ ಪ್ರಕರಣದ ಬಳಿಕ ದೊಡ್ಡ ಕಂಪೆನಿಗಳು ಸ್ವಲ್ಪಮಟ್ಟಿಗೆ ಕೈ ಬಿಚ್ಚಿದುವು, ಇನ್ನೂ ಬಿಚ್ಚಬೇಕು. ನಿರ್ವಾಹಕರಿಗೂ ಕರ್ತವ್ಯವಿದೆ. ಹೊಸಬನ ಮುರುಕು ಇಂಗ್ಲಿಷನ್ನು ಕಂಡು ನಗುವುದು, ಕಾರಣ ಹೇಳದೆ ದೂರನ್ನು ಮುಚ್ಚುವುದು ಸಜ್ಜನರ ಲಕ್ಷಣವಲ್ಲ. ಆದರೆ ಊರ ಬಾವಿಯ ನೀರನ್ನು ಸಾಹುಕಾರನೂ ಸೇದುತ್ತಾನೆಂದು ಬಡವನು ಬಾವಿಯನ್ನು ಹಾಳು ಬಿಟ್ಟರೆ ಸಾಹುಕಾರನು ಮನೆಯಲ್ಲಿ ಬೇರೆ ಬಾವಿ ತೋಡಿಸಿಕೊಂಡಾನು; ಬಾಯಾರುವವನು ಬಡವನೇ.

ಕನ್ನಡಿಗರಿಗೆ ಇದರಲ್ಲಿ ಮತ್ತೊಂದು ವಿಶೇಷ ಕರ್ತವ್ಯವುಂಟು. ‘ಸೂರ್ಯ’ ಎಂಬಲ್ಲಿ ಅರ್ಕಾವೊತ್ತು ಬರಬೇಕು. ‘ರ‍್ಯಾಂಕು’ ಎಂಬಲ್ಲಿ ರಕಾರ ಪೂರ್ಣವಾಗಿ ನಿಂತು ಯಕಾರವು ಒತ್ತಾಗಿ ಬರಬೇಕು. ಈ ಭೇದವನ್ನು ತೋರಿಸಲು ಗಣಕದಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆಯ ಗುರುತನ್ನು ಅಕ್ಷರಗಳ ನಡುವೆ ಇಡಬೇಕಾಗುತ್ತದೆ. ಆ ಗುರುತನ್ನು ಅನಾವಶ್ಯಕವೆಂದು ತಂತ್ರಾಂಶವು ಅಳಿಸಿಬಿಟ್ಟರೆ ಪದದ ರೂಪ ಕೆಡುತ್ತದೆ. ಹುಡುಕಿದರೆ ಸಿಗುವುದೂ ಇಲ್ಲ. ಸ್ವೀಡನ್ನಿನ ಅಥವಾ ಜರ್ಮನಿಯ ತಂತ್ರಜ್ಞನಿಗೆ ನಮ್ಮ ಒತ್ತಕ್ಷರ ಕೆಳಗೆ ಬಂದಿತೋ ಪಕ್ಕಕ್ಕೆ ಬಂದಿತೋ ಹೇಗೆ ತಿಳಿಯಬೇಕು? ನಾವು ಹೇಳಿದರೆ ಉಂಟು, ಹೇಳದಿದ್ದರೆ ಇಲ್ಲ. ನಮ್ಮಲ್ಲಿ ಹಲವರು ಫೋನಿನಲ್ಲಿ ಕನ್ನಡ ಸರಿಯಾಗಿ ಮೂಡದಿದ್ದಾಗ ಕನ್ನಡಕ್ಕೆ ಎಲ್ಲಿಯೂ ಮರ್ಯಾದೆಯಿಲ್ಲವೆಂದು ನಿಟ್ಟುಸಿರು ಬಿಟ್ಟು ಇಂಗ್ಲಿಷ್ ಲಿಪಿಗೆ ಮೊರೆಹೋಗುತ್ತಾರೆ. ನಿಟ್ಟುಸಿರಿನಿಂದ ಅಕ್ಷರ ಸರಿಹೋಗದು. ಯಾವ ಪದವನ್ನು ಬೆರಳಚ್ಚಿಸಿದೆ, ಯಾವ ಫಾಂಟು, ಯಾವ ತಂತ್ರಾಂಶದ ಯಾವ ಆವೃತ್ತಿ, ಬೇರೆ ಫಾಂಟಿನಲ್ಲಿ ಸರಿಯಾಗಿ ಬರುತ್ತದೆಯೇ ಎಂಬುದನ್ನು ಬರೆದು, ತಪ್ಪು ರೂಪದ ಚಿತ್ರವನ್ನೂ ಸರಿ ರೂಪದ ಚಿತ್ರವನ್ನೂ ಜೊತೆಗಿಟ್ಟು ಕಳುಹಿದರೆ, ಕನ್ನಡ ಬಾರದವನೂ ಅದನ್ನು ಸರಿಪಡಿಸಬಲ್ಲನು. ಒಬ್ಬನ ಒಂದು ದೂರಿನಿಂದ ಸರಿಯಾದ ಅಕ್ಷರವು ಅದೇ ತಂತ್ರಾಂಶವನ್ನು ಬಳಸುವ ಕನ್ನಡಿಗರೆಲ್ಲರಿಗೂ ಸರಿಯಾಗುತ್ತದೆ.

ನಮ್ಮ ಹೊರನಾಡ ಸಂಘಗಳಿಗೆ ಒಂದು ಸೂಚನೆ ಮಾಡುತ್ತೇವೆ. ವರ್ಷಕ್ಕೊಂದು ನಾಟಕ, ಒಂದು ಯಕ್ಷಗಾನ, ಒಂದು ಸನ್ಮಾನ ಎಂಬ ಕಾರ್ಯಕ್ರಮಗಳ ನಡುವೆ ತಿಂಗಳಿಗೊಂದು ಭಾನುವಾರದ ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಡಲಿ. ಗಣಕ ಬಲ್ಲ ಇಬ್ಬರು ಯುವಕರು, ಕಾಗದಪತ್ರ ಬಲ್ಲ ಇಬ್ಬರು ಗುಮಾಸ್ತರು, ಕನ್ನಡ ಬಲ್ಲ ಒಬ್ಬ ಹಿರಿಯರು ಕೂಡಿ ಕುಳಿತರೆ ಸಾಕು. ಕನ್ನಡದಲ್ಲಿ ಕಂಡ ದೋಷಗಳನ್ನು ಒಂದು ಪುಸ್ತಕದಲ್ಲಿ ಏರಿಸಿ, ಪರೀಕ್ಷಿಸಿ, ವಿಂಗಡಿಸಿ, ನಿಜವಾದುದನ್ನು ಮಾತ್ರ ಸರಿಯಾದ ಕ್ರಮದಲ್ಲಿ ಕಳುಹಲಿ. ತಿಂಗಳಿಗೆ ಒಂದೇ ದೂರು ಹೋದರೂ ಚಿಂತೆಯಿಲ್ಲ, ಹೋದದ್ದು ಗಟ್ಟಿಯಾಗಿರಲಿ. ಯಂತ್ರದಿಂದ ಬರೆಯಿಸಿದ ನೂರು ದೂರುಗಳಿಗಿಂತ ಮನುಷ್ಯನು ತಾನೇ ನೋಡಿ, ತಾನೇ ಪರೀಕ್ಷಿಸಿ, ತನ್ನ ಹೆಸರು ಹಾಕಿ ಕಳುಹಿದ ಒಂದು ದೂರು ಮೇಲು.

ತಪ್ಪು ತೋರಿಸುವುದು ಸುಲಭವೆಂಬುದು ರೂಢಿಯ ಮಾತು. ತಿದ್ದಲು ಅನುಕೂಲವಾಗುವಂತೆ ತಪ್ಪು ತೋರಿಸುವುದು ಅಷ್ಟು ಸುಲಭವಲ್ಲ. ಅದಕ್ಕೆ ತಾಳ್ಮೆ ಬೇಕು, ಪ್ರಾಮಾಣಿಕತೆ ಬೇಕು, ಎದುರಿಗಿರುವವನ ದುಡಿಮೆಯ ಮೇಲೆ ಗೌರವ ಬೇಕು. ಎಂಜಲೆತ್ತುವ ಕೆಲಸದಿಂದ ಆರಂಭಿಸಿ ಯಜಮಾನರಾಗುವವರೆಗೆ ದುಡಿಮೆಯ ಬೆಲೆಯನ್ನು ಬಲ್ಲ ನಮ್ಮ ಜನರಿಗೆ ಈ ಗುಣಗಳನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅವನ್ನು ಈ ಹೊಸ ಕ್ಷೇತ್ರದಲ್ಲಿಯೂ ತೋರಿಸಿ, ಕನ್ನಡಿಗನ ದೂರೆಂದರೆ ತೆರೆದು ಓದತಕ್ಕದ್ದೆಂಬ ಕೀರ್ತಿಯನ್ನು ನಮ್ಮ ಯುವಕರು ಗಳಿಸಲೆಂದು ಹಾರೈಸುತ್ತೇವೆ.